ಕವರಿಲ್ಲದ ಹಾಟ್‌ಬಾಕ್ಸು

“ನಾ ಏನ ತಂದ್ರೂ ಯಾಕ ತಂದಿ ಅಂತ ಕೇಳಬಾರದು ಅಂತ ಅವ್ರ ಕಡಿಂದ ಮಾತ ತಗೊಂಡೀನ್ರಿ ಆಪಾ. ಲಗ್ನ ಆದ ಹೊಸದಾಗ. ಅದಕ್ಕ ಅವರಂದ್ರು, ಆತು, ನಾ ಏನರ ತಂದ್ರ ನೀನೂ ಕೇಳಬಾರದು. ನಾ ನಕ್ಕೋಂತ ಹೂಂ ಅಂದೆ. ಪಗಾರದ ದಿನ ಬಾಳಿಹಣ್ಣ ಬಿಟ್ರ ಬ್ಯಾರೆ ಏನೂ ತರೋ ಮನಶಾನ ಅಲ್ಲ ಅದು.”

ಸ್ಟೂಲಿನ ಮೇಲೆ ನಿಂತ ಹುಲಿಗವ್ವ, ಮೇಲಿನ ಹಲಗೆಯಿಂದ ಕುಕ್ಕರಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಕೊಡುತ್ತ ಹೇಳುತ್ತಿದ್ದಳು. ಕೆಳಗೆ ನಿಂತು ಈಸಿಕೊಳ್ಳುತ್ತಿದ್ದ ಮೆಹಜಬೀನ, ಇಡಲು ಜಾಗ ಸಿಗದೆ, ಕೊನೆಯದನ್ನು ಗಲ್ಲದ ಕೆಳಗೆ ಒತ್ತಿ ಹಿಡಿದಿದ್ದಳು.

“ಮುಂದ ಹೇಳ್ರಿ ಅಕ್ಕಾ,” ಎಂದಳು, ಗಲ್ಲ ಅಲ್ಲಾಡಿಸದೆ.

ಗಂಗಾವತಿಯಲ್ಲಿರುವ ಮೆಹಜಬೀನಳ ಅಂಗಡಿಯ ಬೋರ್ಡಿನ ಮೇಲೆ ‘ಎಲ್ಲಾ ಸಾಮಾನಿಗೂ ಕವರ್ ಹೊಲಿದು ಕೊಡಲಾಗುವುದು’ ಎಂದು ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ‘ಗುಪ್ತ ವಿಚಾರಣೆ ಮಾಡಲಾಗುವುದು’ ಎಂದು ಇನ್ನೂ ದೊಡ್ಡದಾಗಿ ಬರೆದಿತ್ತು. ಈ ಮನೆಯ ಗಂಡ ಹೆಂಡತಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಕಳೆದ ವಾರ ಅದೇ ಅಂಗಡಿಯ ಮೆಟ್ಟಿಲು ಹತ್ತಿದ್ದರು. ನೀರಾವರಿ ಇಲಾಖೆಯ ನೌಕರ ಹೇಮಪ್ಪನಿಗೆ, ಕಾಣೆಯಾದ ತನ್ನ ಮದುವೆಯ ಕೋಟು ಬೇಕಾಗಿತ್ತು. ಹುಲಿಗವ್ವಳಿಗೆ, ಹೇಮಪ್ಪ ದಿನಾ ಸಂಜೆ ಎಲ್ಲಿಗೆ ಹೋಗುತ್ತಾನೆಂಬುದು ಬೇಕಾಗಿತ್ತು.

ಯಾರಿಗೂ ಹೇಳುವುದಿಲ್ಲವೆಂದು ಮೆಹಜಬೀನ ಇಬ್ಬರಿಗೂ ಆಣೆ ಮಾಡಿದ್ದಳು. ಹೀಗಾಗಿ ಈಗ ತನಗೆ ಗೊತ್ತಿದ್ದದ್ದನ್ನು ತನಗೇ ಹೇಳಿಕೊಳ್ಳಲೂ ಹೆದರಬೇಕಾಗಿತ್ತು.

ಕೋಟು ಕಳೆದುಹೋಗಿದೆ ಎನ್ನುವುದೇ ಆ ಮನೆಯಲ್ಲಿ ದೊಡ್ಡ ಮಾತು. ಅಲ್ಲಿ ಕಳೆದುಹೋದದ್ದನ್ನು ಹುಡುಕುವುದಕ್ಕಿಂತ, ಕಳೆದುಹೋಗದೆ ಉಳಿದದ್ದು ಏನು ಎಂದು ಹುಡುಕುವುದು ಸುಲಭವಿತ್ತು. ಹೊಸ್ತಿಲು ದಾಟಿದರೆ ಸೋಫಾ. ಸೋಫಾದ ಮೇಲೆ ಕವರು, ಕವರು ಮಾಸಬಾರದೆಂದು ಅದರ ಮೇಲೊಂದು ಕವರು. ಸೋಫಾಕ್ಕೂ ಶೋಕೇಸಿಗೂ ನಡುವೆ ಒಬ್ಬರು ಅಡ್ಡಡ್ಡ ತಿರುಗಿ ನಡೆಯುವಷ್ಟು ದಾರಿ. ಶೋಕೇಸಿನಲ್ಲಿ ಇಂದಿನವರೆಗೆ ಚಹಾ ಕಾಣದ ಚಹಾ ಕಪ್ಪುಗಳು. ಮೂಲೆಯಲ್ಲಿ ಛಾವಣಿ ಮುಟ್ಟುವಂತೆ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಮಗಳು ಅಮೃತಾ ಮದುವೆಯಾಗಿ ಕುಷ್ಟಗಿಗೆ ಹೋದ ಮೇಲೆ ಅವಳು ಓದುತ್ತಿದ್ದ ಜಾಗಕ್ಕೆ ಎರಡನೆಯ ಫ್ರಿಜ್ಜು ಬಂದು ನಿಂತಿತ್ತು. ಅದಕ್ಕೆ ಕರೆಂಟು ಕೊಟ್ಟಿರಲಿಲ್ಲ. ಒಳಗೆ ಸೀರೆಗಳಿದ್ದವು.

ಇಷ್ಟರ ನಡುವೆ ಗಂಡ ಹೆಂಡತಿ ಉಣ್ಣುವುದು ಮಾತ್ರ ಎರಡು ಹಳೆಯ ಗಂಗಾಳಗಳಲ್ಲಿ. ಒಂದರ ಅಂಚು ತಗ್ಗಾಗಿತ್ತು.

“ನಮ್ಮವ್ವನ ಮನ್ಯಾಗ ಇದ್ದದ್ದ ಅವೆರಡು,” ಎಂದಳು ಹುಲಿಗವ್ವ. “ಯಲಬುರ್ಗಿ ಕಡೆ ಹಳ್ಳಿ ನಮ್ದು. ಬೀಗರು ಬಂದ್ರಂದ್ರ ನಮ್ಮವ್ವ ನನ್ನ ಬಾಜೂಮನಿಗೆ ಓಡಸಾಕಿ, ತಾಟ ಇಸ್ಕೊಂಡ ಬಾ ಅಂತ. ತಿರುಗಿ ಕೊಡುವಾಗ ಆ ಮನ್ಯಾಕಿ ಒಂದೊಂದ ತಾಟ ತಿರುಗಿಸಿ ತಿರುಗಿಸಿ ನೋಡಾಕಿ. ನಾ ನೆಲಾ ನೋಡಕೋಂತ ನಿಂದರತಿದ್ದೆ.” ಅವಳು ಸ್ಟೂಲಿನಿಂದ ಇಳಿದಳು. “ಈಗ ಊರ ಬಂದ್ರೂ ನಾ ಯಾರ ಮನಿಗೂ ಹೋಗಂಗಿಲ್ಲ.”

ಮೆಹಜಬೀನ ಗಲ್ಲದ ಕೆಳಗಿನ ಪೆಟ್ಟಿಗೆಯನ್ನು ವಾಷಿಂಗ್ ಮಷೀನಿನ ಮೇಲಿಟ್ಟು ಕೊರಳು ತಿಕ್ಕಿಕೊಂಡಳು. ಅಳತೆಯ ಟೇಪು ತೆಗೆದಳು. ಕುಕ್ಕರುಗಳಿಗೆ ಕವರು ಬೇಕೆನ್ನುವುದು ಅವಳು ಮನೆಯೊಳಗೆ ಬರಲು ಹುಲಿಗವ್ವಳೇ ಹುಡುಕಿದ ನೆಪ. ಬಂದ ಮೇಲೆ ನೆಪವೂ ನಿಜವಾಗಿಬಿಟ್ಟಿತ್ತು.

“ನಿಮ್ಮ ಅನುಮಾನ ಯಾರ ಮ್ಯಾಲ ಐತಿ?”

“ಆಫೀಸಿಗೆ ಸಹನಾ ಅಂತ ಹೊಸ ಮೇಡಂ ಬಂದಾಳಂತ. ಪ್ಯಾರಲ ಹಣ್ಣ ಕೊಡತಾಳಂತ ಇವರಿಗೆ. ಇವರಿಗೆ ಪ್ಯಾರಲ ಅಂದ್ರ ಆಗಿಬರಂಗಿಲ್ಲ. ಆಕಿ ಕೊಟ್ರ ತಿಂತಾರ.”

“ಸಹನಾ ಮೇಡಂ ಆಫೀಸ ಬಿಡತಲೇ ಕೊಪ್ಪಳ ಬಸ್ ಹತ್ತತಾಳ. ನಮ್ಮ ಮನಿಯವರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ನೋಡ್ಯಾರ. ಗಂಡ ಬಂದು ಕರಕೊಂಡ ಹೋಗತಾನ.”

“ಹಂಗಾರ ಮತ್ತ ಯಾರು?”

ಹುಲಿಗವ್ವ ಕೇಳಿದ ರೀತಿಗೆ ಮೆಹಜಬೀನಳ ಟೇಪು ಅರ್ಧಕ್ಕೆ ನಿಂತಿತು.

“ಬ್ಯಾರೆ ಮನಿ ಮಾಡಿದ್ದ ಖರೇ ಆದ್ರ ಆಪಾ, ಇವತ್ತ ಹೋಗತೀನಿ. ಇಷ್ಟೂ ಸಾಮಾನ ಇಲ್ಲೇ ಇರಲಿ. ನನ್ನ ಗಂಗಾಳ ಒಂದ ತಗೊಂಡು ತವರಮನಿಗೆ ಹೋಗತೀನಿ.”

ಈ ಸಾಮಾನುಗಳನ್ನು ಬಿಟ್ಟು ಹೋಗುತ್ತೇನೆಂದು ಹುಲಿಗವ್ವಳ ಬಾಯಿಂದ ಬಂತೆಂದರೆ ಅದು ಬೆದರಿಕೆಯ ಮಾತಲ್ಲ. ಮೆಹಜಬೀನ ಟೇಪು ಸುತ್ತಿಟ್ಟಳು.

“ಬ್ಯಾರೆ ಗುರುತು ಏನೂ ಇಲ್ಲೇನು?”

“ಈಗೀಗ ಪ್ಯಾಂಟಿನ ಹಿಂದ ಭತ್ತದ ಹೊಟ್ಟು ಹತ್ತಿರತೈತಿ. ಮೊದಲ ಇರತಿರಲಿಲ್ಲ.”

ರೈಸ್‌ಮಿಲ್ಲುಗಳ ಊರಿನಲ್ಲಿ ಹೊಟ್ಟು ಹತ್ತದ ಪ್ಯಾಂಟು ಸಿಕ್ಕರೇ ಅದು ಸುಳಿವು. ಆದರೆ ‘ಮೊದಲು ಇರುತ್ತಿರಲಿಲ್ಲ’ ಎಂಬ ಮಾತು ಮೆಹಜಬೀನಳಿಗೆ ಹಲ್ಲಿನ ಸಂದಿಯ ಅಡಿಕೆಯಂತೆ ಸಿಕ್ಕಿಕೊಂಡಿತು.

“ಮೊದಲ ಅಂದ್ರ ಯಾವಾಗಿಂದ?”

“ಇದ ತಿಂಗಳು. ಹಾಟ್‌ಬಾಕ್ಸ...” ಎಂದವಳು ಅಲ್ಲಿಗೇ ಬಾಯಿ ಮುಚ್ಚಿದಳು.

ಮೆಹಜಬೀನ ನಿಧಾನವಾಗಿ ತಿರುಗಿ ಇಡೀ ಪಡಸಾಲೆಯನ್ನು ನೋಡಿದಳು. ಟಿವಿಗೆ ಕವರಿತ್ತು. ಮಿಕ್ಸಿಗೆ, ಸಿಲಿಂಡರಿಗೆ, ನೀರಿನ ಫಿಲ್ಟರಿಗೆ, ಫ್ರಿಜ್ಜಿನ ಹಿಡಿಕೆಗೆ ಕವರಿತ್ತು. ಎಲ್ಲವೂ ಅವಳ ಕೈಯವೇ. ಅಂಚಿಗೆ ಝಾಲರು, ಒಳಗೆ ದುಪ್ಪಟ್ಟು ಹೊಲಿಗೆ. ಶೋಕೇಸಿನ ಪಕ್ಕದಲ್ಲಿ, ಹಸಿರು ಮುಚ್ಚಳದ ಒಂದು ಹಾಟ್‌ಬಾಕ್ಸು ಮಾತ್ರ ಬತ್ತಲೆಯಾಗಿ ಕೂತಿತ್ತು.

“ಇದಕ್ಕ ನಾ ಅಳತಿ ತಗೊಂಡಿಲ್ಲ.”

“ಸಣ್ಣದಲ್ರಿ ಆಪಾ, ಅದಕ್ಕೇನ ಕವರು.”

“ರಿಮೋಟಿಗೆ ಹೊಲಿಸೀರಿ ನೀವು.” ಮೆಹಜಬೀನ ಹಾಟ್‌ಬಾಕ್ಸು ಎತ್ತಿಕೊಂಡಳು. ತಳದಲ್ಲಿ ಅಂಗಡಿಯ ಚೀಟಿಯಿಲ್ಲ. “ಇದನ್ನ ಅಂಗಡ್ಯಾಗ ತಂದಿಲ್ಲ. ಭಾಂಡೆ ದುರುಗವ್ವನ ಕಡೆ ತಗೊಂಡೀರಿ. ಹೌದಲ್ಲ?”

ಹಳೆಯ ಬಟ್ಟೆ ಈಸಿಕೊಂಡು ಹೊಸ ಪಾತ್ರೆ ಕೊಡುವ ದುರುಗವ್ವ ಬುಟ್ಟಿ ಹೊತ್ತು ಓಣಿಗೆ ಬಂದಳೆಂದರೆ, ಹುಲಿಗವ್ವ ಮೊದಲು ಗಂಡನ ಮೈಮೇಲಿನ ಅಂಗಿಯನ್ನೇ ನೋಡುತ್ತಿದ್ದಳು. ಇದು ಓಣಿಗೆಲ್ಲ ಗೊತ್ತು.

“ತಗೊಂಡೆ,” ಎಂದಳು ಹುಲಿಗವ್ವ.

“ಏನ ಕೊಟ್ರಿ?”

“ಎರಡ ಪ್ಯಾಂಟು. ಒಂದ ಹಳೇ ಹಾಸಿಗಿ ಹೊದಿಕಿ.”

“ಮತ್ತ?”

ಹುಲಿಗವ್ವ ಸೆರಗಿನ ತುದಿ ತಿರುವತೊಡಗಿದಳು. “ಒಂದ ಕೋಟು. ತಿಜೋರಿ ಹಿಂದ ಮೊಳೆಗೆ ಜೋತಬಿದ್ದಿತ್ತು. ಹುಳ ತಿಂದಿತ್ರಿ ಅದು. ಲಗ್ನದ್ದು. ಅವರ ಹೊಟ್ಟಿಗೆ ಈಗ ಅದು ಸೇರತೈತೇನು? ದುರುಗವ್ವ ಅಂದ್ಲು, ಕೋಟ ಹಾಕಿದ್ರ ಮುಚ್ಚಳದ್ದ ಕೊಡತೀನಿ, ಇಲ್ಲಂದ್ರ ಬರೇ ಡಬ್ಬಿ ಅಂತ.”

ಮೆಹಜಬೀನಳ ತಲೆಯಲ್ಲಿ ಗಂಡನ ಕೇಸು ಎದ್ದು ಹೆಂಡತಿಯ ಕೇಸಿನ ಪಕ್ಕ ಬಂದು ಕೂತಿತು. ಕೋಟು ಹೋದ ಮೇಲೆ ಹೊಟ್ಟು ಶುರುವಾಗಿದೆ. ಹುಳ ತಿಂದ ಕೋಟಿಗಾಗಿ ಹೇಮಪ್ಪ ಅಂಗಡಿಗೆ ಬಂದು ಕಣ್ಣಲ್ಲಿ ನೀರು ತಂದುಕೊಂಡದ್ದು ಸುಮ್ಮನೆ ಅಲ್ಲ.

“ದುರುಗವ್ವನ ನಂಬರ್ ಐತೇನು?”

ಇತ್ತು. ಮಗಳ ನಂಬರಿಗಿಂತ ಮೇಲಿತ್ತು.

“ಹುಲಿಗಕ್ಕಾ,” ದುರುಗವ್ವಳ ದನಿ ಫೋನಿನಿಂದ ಹೊರಗೆ ಜಿಗಿಯಿತು, “ಮನಶಾ ಕುಂದರೋವಷ್ಟು ದೊಡ್ಡ ಪಾತೇಲಿ ಬಂದೈತಿ. ನಿನಗ ಅಂತ ಮುಚ್ಚಿಟ್ಟೀನಿ.”

ಒಂದು ಕ್ಷಣ ಹುಲಿಗವ್ವಳ ಕಣ್ಣು ಕಂಬದ ಹಿಂದಿನ ಖಾಲಿ ಜಾಗ ಹುಡುಕಿತು. ಮೆಹಜಬೀನ ಫೋನು ಕಸಿದುಕೊಂಡಳು.

“ಆ ಕೋಟ ಎಲ್ಲೈತಿ ದುರುಗವ್ವಾ?”

“ಅದಾ? ಶ್ರೀರಾಮನಗರದ ಗಾಳೇಶಗ ಕೊಟ್ಟೆ. ಗದ್ದ್ಯಾಗ ನಿಂತೈತಿ.”

*

ಮೆಹಜಬೀನಳ ಗಂಡ ಮಂಜೂರನ ಲಗೇಜು ಆಟೋದ ಹಿಂದೆ ಒಂದು ಸೋಫಾ ಇತ್ತು. ನವಲಿಯ ಗಿರಾಕಿಗೆ ಮುಟ್ಟಿಸಬೇಕಾದದ್ದು. ಬೇರೆ ಜಾಗವಿಲ್ಲದೆ ಇಬ್ಬರೂ ಅದರ ಮೇಲೆಯೇ ಕೂತರು. ಕಾಲುವೆಯ ದಾರಿಯಲ್ಲಿ ಎದುರು ಬಂದವರೆಲ್ಲ, ಪಡಸಾಲೆಯೊಂದು ಊರು ಬಿಟ್ಟು ಹೊರಟಿದೆಯೇನೋ ಎಂಬಂತೆ ನಿಂತು ನೋಡಿದರು.

ಗಂಡನ ಗುಟ್ಟು ಒಡೆಯುವ ಹೊತ್ತು. ಹುಲಿಗವ್ವಳ ಕೈ ಮಾತ್ರ ಸೋಫಾದ ತೋಳನ್ನು ಸವರುತ್ತಿತ್ತು.

“ಮೆತ್ತಗ ಐತಿ,” ಎಂದಳು ಕೊನೆಗೆ. “ಇಂಥಾದ್ದು ಇನ್ನೊಂದ ಸಿಗತೈತೇನ್ರಿ ಮಂಜೂರಣ್ಣ?”

ಮಂಜೂರ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಹೆಂಡತಿ ಆಕಾಶ ನೋಡಿದಳು.

ತೆನೆ ಬಾಗಿದ ಗದ್ದೆಯ ನಡುವೆ, ಎರಡೂ ಕೈ ಚಾಚಿ, ಅವನು ನಿಂತಿದ್ದ. ಹುಲಿಗವ್ವ ತಟ್ಟನೆ ಸೆರಗು ತಲೆಗೆ ಎಳೆದುಕೊಂಡಳು.

“ಅಲ್ಲೇ ಅದಾರಲ್ರಿ ಆಪಾ. ಇವರ ಇಲ್ಲಿ ಯಾಕ ನಿಂತಾರು?”

“ಅಕ್ಕಾ, ಅದಕ್ಕ ತಲಿ ಇಲ್ಲ. ಗಡಿಗಿ ಐತಿ.”

ಬೆದರುಗೊಂಬೆಯ ಮೈಮೇಲೆ ಹೇಮಪ್ಪನ ಮದುವೆಯ ಕೋಟು ಹೇಮಪ್ಪನ ಮೈಮೇಲಿಗಿಂತ ಚೆನ್ನಾಗಿ ಕೂತಿತ್ತು. ಬದುವಿನ ಮೇಲೆ ಕೂತಿದ್ದ ಗಾಳೇಶ, ವಿಷಯ ಕೇಳಿ, ಆಗುವುದಿಲ್ಲವೆಂದು ತಲೆ ಆಡಿಸಿದ.

“ಈ ಕೋಟ ಹಾಕಿದಾಗಿಂದ ಒಂದ ಹಕ್ಕಿ ಇಳಿದಿಲ್ರಿ. ಸಾಹೇಬ್ರು ಬಂದು ನಿಂತಂಗ ಕಾಣತೈತಿ. ಮೊನ್ನೆ ನಮ್ಮ ಬಾಜೂ ಗದ್ದಿಯಾತ ಕೈಮುಗದು, ಕಾಲುವಿಗೆ ನೀರ ಯಾವಾಗ ಬಿಡತೀರಿ ಅಂತ ಕೇಳಿ ಹೋಗ್ಯಾನ.”

“ಗೊಂಬಿ ಏನಂತು?” ಎಂದಳು ಮೆಹಜಬೀನ.

“ಸುಮ್ನ ನಿಂತಿತ್ತು. ಆಫೀಸಿನ್ಯಾಗೂ ಹಂಗ ಇರತಾರಲ್ರಿ.”

ಮೆಹಜಬೀನ ಗಂಡನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಆ ನೋಟ ಮಂಜೂರನಿಗೆ ಗೊತ್ತಿತ್ತು.

“ಇದ ಹೊಸಾ ಅಂಗಿ,” ಎಂದ.

“ಬಿಚ್ಚರಿ.”

“ಹೂವಿನ ಅಂಗಿ,” ಎಂದು ಗಾಳೇಶನೂ ಗೊಣಗಿದ. “ಹಕ್ಕಿ ಇನ್ನೂ ಖುಷೀಲೆ ಬರತಾವು.”

ಕೊನೆಗೆ ಗೊಂಬೆ ಹೂವಿನ ಅಂಗಿ ತೊಟ್ಟಿತು. ಮಂಜೂರ ಬನಿಯನ್ನಿನಲ್ಲಿ ನಿಂತ. ಮೆಹಜಬೀನ ಕೋಟನ್ನು ಸೋಫಾದ ಮೇಲೆ ಹರವಿ, ಬಟ್ಟೆಯ ಮೇಲೆ ಬೆರಳಾಡಿಸತೊಡಗಿದಳು. ಒಳಜೇಬಿಗೆ ತೂತು ಬಿದ್ದಿತ್ತು. ತೂತಿನ ಕೆಳಗೆ, ಅಸ್ತರಿನೊಳಗೆ, ತುದಿಯ ಮಡಿಕೆಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದಳು.

ಒಂದು ಚಾವಿ ಬಿತ್ತು. ಅದಕ್ಕೆ ಸೋಡಾ ಬಾಟಲಿಯ ಕೆಂಪು ಬಿಲ್ಲೆ ಕಟ್ಟಿತ್ತು.

ಹುಲಿಗವ್ವ ಅದನ್ನು ನೋಡಿದಳು. ಅವಳ ಮನೆಯಲ್ಲಿ ಚಾವಿಗಳ ಗೊಂಚಲೇ ಇತ್ತು. ಇದು ಅವುಗಳಲ್ಲಿ ಒಂದಲ್ಲ.

“ಇದು ಅಸ್ಲಮಣ್ಣನ ಖೋಲಿ ಚಾವಿ,” ಎಂದ ಗಾಳೇಶ, ಯಾರೂ ಕೇಳುವ ಮೊದಲೇ. “ರೈಸ್‌ಮಿಲ್ ಹಿಂದ ಸಾಲಾಗಿ ಬಾಡಿಗಿ ಖೋಲಿ ಅದಾವ. ಒಂದೊಂದ ಖೋಲಿಗೆ ಒಂದೊಂದ ಬಣ್ಣದ ಬಿಲ್ಲೆ. ಮೊದಲ ಬಂದಾಗ ನಾವೂ ಅಲ್ಲೇ ಇದ್ವಿ. ಕೆಂಪು ಅಂದ್ರ ಕಡೀದು.”

‘ಮಿಲ್ಲಿನ ಹಿಂದೆ’ ಎನ್ನುವುದು ಹುಲಿಗವ್ವಳಿಗೂ ಕೇಳಿಸಿತ್ತು. ಅವಳು ತಾನಾಗಿಯೇ ಹೋಗಿ ಸೋಫಾದ ಮೇಲೆ ಕೂತಳು. ಈ ಸಲ ಅದರ ತೋಳು ಸವರಲಿಲ್ಲ.

ಮೆಹಜಬೀನಳಿಗೆ ಹೊಟ್ಟಿನ ಗಂಟು ಬಿಚ್ಚಿತ್ತು. ಚಾವಿ ಇದ್ದಾಗ ಹೇಮಪ್ಪ ಒಳಗೆ ಕೂರುತ್ತಿದ್ದ. ಚಾವಿ ಹೋದ ಮೇಲೆ ಹೊರಗೆ ಕೂರುತ್ತಿದ್ದಾನೆ.

*

ಹೊರಗೇ ಕೂತಿದ್ದ. ಸಾಲಿನ ಕೊನೆಯ ಬಾಗಿಲ ಮುಂದಿನ ಕಟ್ಟೆಯ ಮೇಲೆ, ಮಿಲ್ಲಿನಿಂದ ಹಾರಿ ಬಂದ ಹೊಟ್ಟಿನ ನಡುವೆ, ಟಿಫಿನ್ ಚೀಲ ತೊಡೆಯ ಮೇಲಿಟ್ಟುಕೊಂಡು. ಶಾಲೆ ಬಿಟ್ಟ ಮೇಲೆ ಕರೆದೊಯ್ಯಲು ಯಾರೂ ಬಾರದ ಮಗುವಿನ ಹಾಗಿದ್ದ.

ಆಟೋ ನಿಂತಿತು. ಹೇಮಪ್ಪ ಮೊದಲು ಸೋಫಾ ನೋಡಿದ, ಆಮೇಲೆ ಅದರ ಮೇಲಿದ್ದ ಹೆಂಡತಿಯನ್ನು, ಆಮೇಲೆ ಮೆಹಜಬೀನಳ ಕೈಯಲ್ಲಿದ್ದುದನ್ನು.

“ಕೋಟ ಸಿಕ್ತೇನ್ರಿ?” ಎಂದ. ಎಂದವನು ನಾಲಿಗೆ ಕಚ್ಚಿಕೊಂಡ.

“ನೀವೂ ಇಕಿಗೇ ಹೇಳಿದ್ರೇನು?” ಎಂದಳು ಹುಲಿಗವ್ವ.

“ನೀನೂ?”

ಇಬ್ಬರೂ ಮೆಹಜಬೀನಳನ್ನು ನೋಡಿದರು. ಮೆಹಜಬೀನ ಕೋಟಿನ ಗುಂಡಿ ಗಟ್ಟಿಯಿದೆಯೇ ಎಂದು ಪರೀಕ್ಷಿಸುತ್ತಿದ್ದಳು.

“ಕೋಟ ಎಲ್ಲೈತಿ ಅಂತ ನನಗ ಕೇಳಾಕ ನಿಮಗ ಬಾಯಿ ಇರಲಿಲ್ಲೇನು?”

“ಹೆಂಗ ಕೇಳಲಿ? ಅದನ್ನ ಕೊಟ್ಟು ಏನರ ತಂದಿರತಿ. ಕೋಟ ಎಲ್ಲಿ ಅಂದ್ರ, ಅದಕ್ಕ ಏನ ತಂದಿ ಅಂತ ಬರತೈತಿ. ಅದಾದ ಮ್ಯಾಲ ಯಾಕ ತಂದಿ ಅಂತ ಬಂದ ಬರತೈತಿ. ಮಾತ ಕೊಟ್ಟೀನಲ್ಲ.”

ಹುಲಿಗವ್ವ ಆಟೋದಿಂದ ಇಳಿದಳು. ಪಕ್ಕದ ಖೋಲಿಗಳಿಂದ ಒಂದಿಬ್ಬರು ಹೊರಗೆ ಬಂದು ಬನಿಯನ್ನಿನ ಮಂಜೂರನನ್ನು ನೋಡುತ್ತ ನಿಂತರು.

“ಈ ಖೋಲಿ ಯಾರದು?”

“ನಂದ.”

“ಒಳಗ ಯಾರ ಅದಾರ?”

“ಯಾರೂ ಇಲ್ಲ.”

“ಏನ ಐತಿ?”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕ ಯಾರರ ಬಾಡಿಗಿ ಕಟ್ಟತಾರೇನು?”

“ನಾ ಕಟ್ಟತೀನಿ,” ಎಂದ ಹೇಮಪ್ಪ. “ಏನೂ ಇಲ್ಲ ಅಂತನ ಕಟ್ಟತೀನಿ.”

ಮಿಲ್ಲಿನ ಸದ್ದು ಅಷ್ಟರಲ್ಲಿ ನಿಂತಿತು. ಅವನ ಮಾತು ಎಲ್ಲರಿಗೂ ಕೇಳಿಸುವಂತಾಯಿತು. ಅವನು ದನಿ ತಗ್ಗಿಸಿದ.

“ನಾಕು ಗ್ವಾಡಿ, ಒಂದ ಚಾಪಿ. ಆಫೀಸ ಬಿಟ್ಟು ಬರತೀನಿ, ಕಾಲ ಚಾಚಿ ಮಲಗತೀನಿ, ಏಳತೀನಿ, ಮನಿಗೆ ಬರತೀನಿ. ಚಾವಿ ಹೋದ ಮ್ಯಾಲ ಹೊರಗ ಕುಂದರತೀನಿ. ಕೀಲಿ ಒಡದ್ರ ಸಪ್ಪಳಕ್ಕ ಮಂದಿ ಕೂಡತಾರ. ಅಸ್ಲಮಣ್ಣಗ ಹೇಳಿದ್ರ ಚಾವಿ ಕೇಳಕೋಂತ ಮನಿಗೇ ಬರತಾನ.”

“ನನ್ನ ಸಾಮಾನ ನಿಮಗ ಚುಚ್ಚತಾವೇನು?”

“ಸಾಮಾನ ಅಲ್ಲ ಹುಲಿಗಿ. ನಾ ಹೊಳ್ಳಿ ಮಲಗಿದ್ರ ಏನರ ಬೀಳತೈತಿ. ನೀ ಒಳಗಿಂದ ಏನ ಒಡೀತು ಅಂತ ಕೇಳತಿ. ನಿಮಗ ಬಡೀತೇನು ಅಂತ ಯಾವಾಗೂ ಕೇಳಿಲ್ಲ.”

ಮಂಜೂರ, ಏನು ಮಾಡಬೇಕೆಂದು ತಿಳಿಯದೆ, ಸೋಫಾದ ಹಗ್ಗ ಬಿಗಿ ಮಾಡಿದ.

“ಮೊದಲ ಹೇಳಬಾರದಿತ್ತೇನು,” ಎಂದಳು ಹುಲಿಗವ್ವ.

“ಎಲ್ಲಿ ಕುಂತು ಹೇಳಬೇಕಿತ್ತು? ಮನ್ಯಾಗ ಇಬ್ಬರು ಎದುರಾಬದುರಾ ಕುಂದರೋ ಜಾಗಾ ತೋರಸು.”

ಅವಳ ತುಟಿಯ ಕೊನೆ ಅಲ್ಲಾಡಿತು. ಅದು ಅಳುವೋ ನಗುವೋ ಮೆಹಜಬೀನಳಿಗೂ ತಿಳಿಯಲಿಲ್ಲ. ಹುಲಿಗವ್ವ ಗಂಡನ ಹಿಂದೆ ಹೋಗಿ, ಪ್ಯಾಂಟಿಗೆ ಹತ್ತಿದ ಹೊಟ್ಟನ್ನು ಸೆರಗಿನಿಂದ ಝಾಡಿಸಿದಳು.

“ಆ ಪಾತೇಲಿ ಬ್ಯಾಡ ಅಂತ ದುರುಗವ್ವಗ ಹೇಳತೀನಿ,” ಎಂದಳು. “ತಗೀರಿ ಬಾಗಲಾ. ಏನೂ ಇಲ್ಲದ್ದು ಹೆಂಗ ಇರತೈತಿ, ನಾನೂ ನೋಡತೀನಿ.”

ಹೇಮಪ್ಪನ ಮುಖ ಹಗುರಾಯಿತು. ಮೆಹಜಬೀನಳಿಂದ ಚಾವಿ ಈಸಿಕೊಂಡು, ಮದುಮಗನ ಹಾಗೆ ಅವಸರ ಮಾಡಿ, ಬೀಗ ತೆರೆದ. ಹೆಂಡತಿ ಮೊದಲು ನೋಡಲೆಂದು ಪಕ್ಕಕ್ಕೆ ಸರಿದು ಬಾಗಿಲು ನೂಕಿದ.

ನಾಲ್ಕು ಗೋಡೆಗಳಿದ್ದವು. ನೆಲದ ಮೇಲೆ ಧೂಳಿತ್ತು. ಮೂಲೆಯಲ್ಲಿ ಸುತ್ತಿಟ್ಟ ಚಾಪೆಯಿತ್ತು.

ನಡುವೆ ಒಂದು ಡ್ರೆಸ್ಸಿಂಗ್ ಟೇಬಲ್ಲಿತ್ತು.

ಹೊಚ್ಚ ಹೊಸದು. ಪಾಲಿಶಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಳೆತ್ತರದ ಕನ್ನಡಿ, ಕೆಳಗೆ ಎರಡು ಖಾನೆ. ಸುತ್ತ ನೆಲದ ಮೇಲೆ ಧೂಳಿತ್ತು, ಕನ್ನಡಿಯ ಮೇಲೆ ಒಂದು ಕಣವೂ ಇರಲಿಲ್ಲ. ಕಿಟಕಿಯ ಚಿಲಕ ಒಳಗಿನಿಂದ ಹಾಕಿತ್ತು. ಬೀಗ ಈಗಷ್ಟೇ ಅವರೆದುರಿಗೆ ತೆರೆದದ್ದು. ಯಾರ ಹತ್ತಿರವೋ ಇನ್ನೊಂದು ಚಾವಿಯಿದೆ, ಹೇಮಪ್ಪ ಇಲ್ಲದ ಹೊತ್ತಿನಲ್ಲಿ ಅವರು ಇಲ್ಲಿಗೆ ಬಂದು ಹೋಗುತ್ತಾರೆ, ಎಂದುಕೊಂಡಳು ಮೆಹಜಬೀನ.

ಆಮೇಲೆ ಅವಳಿಗೆ ಅದು ಕಂಡಿತು. ಕನ್ನಡಿಯ ಮೇಲ್ತುದಿಯಲ್ಲಿ, ಮುಖ ತೊಳೆಯಲು ಹೋಗುವ ಮೊದಲು ಹಣೆಯಿಂದ ತೆಗೆದು ಹಚ್ಚಿದಂತೆ, ಒಂದು ಟಿಕಳಿ ಅಂಟಿಕೊಂಡಿತ್ತು. ಕೆಂಪಗೆ, ದುಂಡಗೆ.

ಹುಲಿಗವ್ವ ಹಣೆಗೆ ಕುಂಕುಮ ಹಚ್ಚುವವಳು.

ಅವಳು ಕನ್ನಡಿಯ ಮುಂದೆ ನಿಂತಿದ್ದಳು. ಟಿಕಳಿ ಅವಳ ಪ್ರತಿಬಿಂಬದ ತಲೆಯ ಮೇಲೆ ಕಾಣುತ್ತಿತ್ತು. ಅದರ ಹಿಂದೆ, ಬಾಗಿಲಲ್ಲಿ, ಹೇಮಪ್ಪನ ಬಾಯಿ ತೆರೆದೇ ಇತ್ತು.

“ಇದು ಇಲ್ಲಿ ಇರಲಿಲ್ಲ,” ಎಂದ ಅವನು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಮೆಹಜಬೀನಳಿಗೆ ಕೇಳಿಸಿತು. ಸುಳ್ಳು ಹೇಳುವ ಗಂಡಸರ ಮುಖಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಇದು ಆ ಮುಖವಲ್ಲ. ಅದನ್ನು ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಹುಲಿಗವ್ವ ತಿರುಗಿದಳು.

“ಇದನ್ನ ಯಾಕ ತಂದ್ರಿ?” ಎಂದಳು.

ಲಗ್ನದ ಹೊಸದರಲ್ಲಿ ತಾನು ಕೊಟ್ಟ ಮಾತನ್ನು ಹುಲಿಗವ್ವ ಮುರಿದಳು.